ಎಂಟನೇ ತಾರೀಕಿನ ತೆನೆ

ಶಿವಮೊಗ್ಗದಿಂದ ಸಾಗರ ರಸ್ತೆ ಹಿಡಿದು ಹೊರಟವರಿಗೆ ಆಲ್ಕೊಳ ಸಿಗುತ್ತದೆ. ಹೆಸರಿನಲ್ಲಿ ಆಲವೂ ಕೊಳವೂ ಕೇಳಿಸುವ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರದ ಸಮಾಜಸೇವಾ ಅಂಗವಾದ ಶಿವಮೊಗ್ಗ ಮಲ್ಟಿಪರ್ಪಸ್ ಸೋಷಿಯಲ್ ಸರ್ವಿಸ್ ಸೊಸೈಟಿ ಇಲ್ಲಿಯೇ ಇದೆ. ಇದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಸಾಗರ, ಅದರ ಆಸುಪಾಸಿನಲ್ಲಿ ಇಕ್ಕೇರಿ ಮತ್ತು ಕೆಳದಿ, ಘಟ್ಟ ಇಳಿದರೆ ಹೊನ್ನಾವರ. ಕರಾವಳಿಯ ಕ್ರೈಸ್ತರಿಗೂ ಮಲೆನಾಡಿಗೂ ಇರುವ ನಂಟು ಈ ದಾರಿಯಷ್ಟೇ ಹಳೆಯದು. ಕೆಳದಿ ಅರಸೊತ್ತಿಗೆ 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಸಿಕ್ಕ ಊರುಗಳ ಪಟ್ಟಿಯಲ್ಲಿ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳ ಜೊತೆ ಹೊನ್ನಾವರವೂ ಇದೆ.

ಕ್ರೈಸ್ತ ನಂಬಿಕೆ ದಿನನಿತ್ಯದ ಬದುಕಿನಲ್ಲಿ ಎಲ್ಲಿ ಕಾಣಸಿಗುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ‘ಗೌದಿಯುಮ್ ಎತ್ ಸ್ಪೆಸ್’ ದಸ್ತಾವೇಜಿನ 43ನೇ ಪರಿಚ್ಛೇದದಲ್ಲಿ, ಬಾಯಲ್ಲಿ ಹೇಳುವ ನಂಬಿಕೆಗೂ ನಿತ್ಯ ನಡೆಸುವ ಬಾಳಿಗೂ ಬಿರುಕು ಬೀಳುವುದು ಈ ಕಾಲದ ಗಂಭೀರ ತಪ್ಪುಗಳಲ್ಲೊಂದು ಎಂಬ ಎಚ್ಚರಿಕೆಯಿದೆ. ಆ ಬಿರುಕು ಬಿದ್ದಿದೆಯೋ ಇಲ್ಲವೋ ಎಂದು ನೋಡಲು ದೇವಾಲಯದಲ್ಲಿ ಸೇರುವವರ ತಲೆ ಎಣಿಸಿದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಅಡುಗೆಮನೆಗೂ ಹೋಗಬೇಕು. ಅಲ್ಲಿಗೆ ಹೋಗಲು ತಕ್ಕ ದಿನ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಕ್ಯಾಲೆಂಡರು, ಬೆಳೆ, ಅಡುಗೆ, ಪದ ಈ ನಾಲ್ಕನ್ನು ಒಟ್ಟಿಗಿಟ್ಟು ಆ ಒಂದು ದಿನವನ್ನು ಇಲ್ಲಿ ಓದಿದ್ದೇನೆ.

ಆ ದಿನವನ್ನೇ ಆರಿಸಲು ಕಾರಣವಿದೆ. ಶಿವಮೊಗ್ಗ ಮತ್ತು ಭದ್ರಾವತಿಯ ಕಥೋಲಿಕರು ಒಂದೇ ಮೂಲದವರಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆಮಾತಿನವರಿದ್ದಾರೆ, ತಮಿಳು ಮನೆಮಾತಿನವರಿದ್ದಾರೆ, ಕೇರಳದಿಂದ ಬಂದು ನೆಲೆಸಿದ ಸಿರೋ-ಮಲಬಾರ್ ಮನೆತನಗಳಿವೆ, ಕನ್ನಡವೇ ಮನೆಮಾತಾದವರೂ ಇದ್ದಾರೆ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆ, ಆಮೇಲಿನ ಕಾಗದದ ಕಾರ್ಖಾನೆ, 1964ರ ಲಿಂಗನಮಕ್ಕಿ ಅಣೆಕಟ್ಟು ಇವೆಲ್ಲ ದೂರದ ಊರಿನ ಕೈಗಳನ್ನು ಈ ಜಿಲ್ಲೆಗೆ ಕರೆತಂದವು. ಆಡಳಿತದ ಲೆಕ್ಕದಲ್ಲೂ ಇದರ ಗುರುತಿದೆ: ಲ್ಯಾಟಿನ್ ವಿಧಿಯ ಶಿವಮೊಗ್ಗ ಧರ್ಮಕ್ಷೇತ್ರ 1988ರ ನವೆಂಬರ್ 14ರಂದು ಚಿಕ್ಕಮಗಳೂರಿನಿಂದ ಬೇರೆಯಾಯಿತು, ಸಿರೋ-ಮಲಬಾರ್ ವಿಧಿಯ ಭದ್ರಾವತಿ ಧರ್ಮಕ್ಷೇತ್ರ 2007ರ ಆಗಸ್ಟ್‌ನಲ್ಲಿ ಮಾನಂದವಾಡಿಯಿಂದ ಬೇರೆಯಾಯಿತು. ಒಂದೇ ನೆಲ, ಇಬ್ಬರು ಧರ್ಮಾಧ್ಯಕ್ಷರು. ಇಷ್ಟೆಲ್ಲ ಬೇರೆಬೇರೆಯಾದ ಈ ಜನ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಾತ್ರ, ಒಬ್ಬರನ್ನೊಬ್ಬರು ಕೇಳದೆಯೇ, ಹೆಚ್ಚುಕಡಿಮೆ ಒಂದೇ ಬಗೆಯ ಒಲೆ ಹೂಡುತ್ತಾರೆ.

ಮೊದಲು ಕೊಂಕಣಿ ಮನೆ. ಅಲ್ಲಿ ಇದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಮಂಗಳೂರು ಬಳಿಯ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 18ನೇ ಶತಮಾನದಲ್ಲಿ ಗೋವೆಯ ಪಾದ್ರಿ ಜೊವಾಕಿಂ ಮಿರಾಂದ ಇದನ್ನು ಆರಂಭಿಸಿದರೆಂಬುದು ಸಮುದಾಯದ ನೆನಪು; ‘ಮೊಂತೆ’ ಎಂದರೆ ಗುಡ್ಡ, ಹಬ್ಬದ ಹೆಸರೂ ಅದರದ್ದೇ. ಹಬ್ಬಕ್ಕೆ ಒಂಬತ್ತು ದಿನ ಮುಂಚಿನಿಂದ ಮಕ್ಕಳು ಹೂ ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಎಂಟರಂದು ಪೂಜೆಯಲ್ಲಿ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಗೆ ಬಂದ ತೆನೆಯ ಕಾಳು ಸುಲಿದು, ಅರೆದು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಊಟ ಬಾಳೆಲೆಯ ಮೇಲೆ. ತರಕಾರಿಯ ಬಗೆಗಳು ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯಲ್ಲಿ. ಮೀನು ಮಾಂಸ ಇಲ್ಲ. ಮೀನಿಲ್ಲದೆ ಊಟವೇ ಸೇರದ ಕರಾವಳಿಯ ಮನೆಯಲ್ಲಿ ಹಬ್ಬದ ದಿನವೇ ಮೀನು ಬಿಡುವುದು ಸಣ್ಣ ಸಂಗತಿಯಲ್ಲ. ಊರಲ್ಲಿಲ್ಲದ ಮಕ್ಕಳಿಗೆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುವ ರೂಢಿಯೂ ಇದೆ.

ಇಲ್ಲಿ ಬೆಳೆಯ ಕಡೆಗೆ ತಿರುಗಬೇಕು. ನನ್ನ ಕುತೂಹಲ ಶುರುವಾದದ್ದೂ ಅಲ್ಲಿಂದಲೇ. ಕರಾವಳಿಯಲ್ಲಿ ಮುಂಗಾರಿಗೇ ಹಾಕಿದ ಏಣೆಲು ಬೆಳೆ ಸೆಪ್ಟೆಂಬರ್ ಹೊತ್ತಿಗೆ ತೆನೆ ಬಾಗುತ್ತದೆ. ಅಲ್ಲಿ ಎಂಟನೇ ತಾರೀಕಿಗೂ ಗದ್ದೆಗೂ ಹೊಂದಾಣಿಕೆಯಿದೆ. ಶಿವಮೊಗ್ಗದ ಸುತ್ತ ಹಾಗಲ್ಲ. ಮಳೆ ನೋಡಿ, ಕಾಲುವೆಯ ನೀರು ನೋಡಿ ಜುಲೈ, ಆಗಸ್ಟ್‌ನಲ್ಲಿ ನಾಟಿ. ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲು. ಭದ್ರಾ ಅಚ್ಚುಕಟ್ಟಿನ ಬೇಸಿಗೆ ಬೆಳೆಯೋ ಮಳೆಗಾಲಕ್ಕೆ ಮುಂಚೆಯೇ ಕಣ ಸೇರಿರುತ್ತದೆ. ಸೆಪ್ಟೆಂಬರ್ ಎಂಟಕ್ಕೆ ಇಲ್ಲಿನ ಗದ್ದೆಯಲ್ಲಿ ಭತ್ತ ಇನ್ನೂ ತೆಂಡೆ ಒಡೆಯುತ್ತಿರುತ್ತದೆ. ಮಲೆನಾಡಿನ ರೈತರು ಭೂಮಿ ಹುಣ್ಣಿಮೆಯನ್ನು ಆಚರಿಸುವುದು ಅದಕ್ಕೂ ತಿಂಗಳ ಮೇಲೆ, ಆಶ್ವಯುಜದ ಹುಣ್ಣಿಮೆಯಂದು. ಆಗಲೂ ಅವರ ಕಣ್ಣಿಗೆ ಪೈರು ಬಸುರಿ, ಅವರು ಉಣಿಸುವುದು ಬಯಕೆಯ ಊಟ. ಅಂದರೆ ನೆರೆಯ ರೈತನ ಲೆಕ್ಕದಲ್ಲಿ ಭೂಮಿಗೆ ಬಯಕೆ ತೀರಿಸುವ ಕಾಲವೂ ಬಂದಿಲ್ಲ, ಕರಾವಳಿಯಿಂದ ಬಂದ ಕ್ರೈಸ್ತನ ಮನೆಯಲ್ಲಿ ಆಗಲೇ ಹೊಸಕ್ಕಿ ಊಟ.

ಬೆಳೆಗೂ ಹಬ್ಬಕ್ಕೂ ತಾಳೆಯಾಗದಿದ್ದರೆ ಹಬ್ಬ ಸವೆದುಹೋಗುತ್ತದೆ ಎಂದು ಊಹಿಸಬಹುದು. ಈ ಹಬ್ಬದ ಮಟ್ಟಿಗೆ ಆ ಊಹೆಯನ್ನು ನಾನು ಒಪ್ಪಲಾರೆ. ಹಬ್ಬ ನಿಂತಿದ್ದ ನೆಲ ಬದಲಾಯಿತು, ಅಷ್ಟೆ. ಕರಾವಳಿಯಲ್ಲಿ ಅದು ಗದ್ದೆಯ ಮೇಲೂ ಎಲೆಯ ಮೇಲೂ ನಿಂತಿತ್ತು. ಘಟ್ಟದ ಮೇಲೆ ಎಲೆಯ ಮೇಲೆ ಮಾತ್ರ ನಿಂತಿದೆ. ಸ್ವಂತ ಗದ್ದೆಯಿಲ್ಲದ ಮೇಷ್ಟ್ರ ಮನೆಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಬಡಾವಣೆಯ ಬಾಡಿಗೆ ಮನೆಯಲ್ಲಿ ಉಳಿದದ್ದು ಊಟದ ನಿಯಮಗಳು: ಎಲ್ಲರೂ ಒಟ್ಟಿಗೆ ಕೂರಬೇಕು, ಹಿರಿಯರ ಕೈಯಿಂದ ಪಡೆಯಬೇಕು, ಇಲ್ಲದವರ ಪಾಲು ತೆಗೆದಿಡಬೇಕು, ನೆರೆಮನೆಗೆ ಪಾಯಸ ಹೋಗಬೇಕು. ಇವನ್ನು ಪಾಲಿಸಲು ಗದ್ದೆ ಬೇಡ. ತೆನೆಯನ್ನು ಎಲ್ಲಿಂದಾದರೂ ತರಿಸಬಹುದು.

ತಮಿಳು ಮನೆಗಳಲ್ಲಿ ಇದೇ ದಿನ ವೇಳಾಂಕಣಿ ಮಾತೆಯ ಹಬ್ಬ. ಆಗಸ್ಟ್ 29ರಂದು ಧ್ವಜ ಏರಿದರೆ ಸೆಪ್ಟೆಂಬರ್ 8ರವರೆಗೆ ಹಬ್ಬದ ಪ್ರಾರ್ಥನೆಗಳು. ಕಾವಿ ಬಣ್ಣದ ಸೀರೆ ಉಟ್ಟು ಹರಕೆ ಹೊತ್ತವರು ಆ ದಿನಗಳಲ್ಲಿ ಮಾಂಸಾಹಾರ ಮುಟ್ಟುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕದಲ್ಲೂ ಇದೇ ದಿನಗಳು. ಸಿರೋ-ಮಲಬಾರ್ ಮನೆಗಳಲ್ಲಿ ಸೆಪ್ಟೆಂಬರ್ 1ರಿಂದ 8ರವರೆಗೆ ‘ಎಟ್ಟು ನೋಂಬ್’, ಎಂಟು ದಿನಗಳ ವ್ರತ. ಅದನ್ನು ಹೆಚ್ಚು ಪಟ್ಟು ಹಿಡಿದು ನಡೆಸುವವರು ಹೆಂಗಸರು.

ಈ ನೋಂಬ್ ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. ತಮಿಳಿನ ನೋನ್ಬು, ಮಲಯಾಳದ ನೋಂಬ್, ಕನ್ನಡದ ನೋಂಪಿ ಒಂದೇ ಬೇರಿನವು. ಹಳಗನ್ನಡದಲ್ಲಿ ನೋನ್ ಎಂದರೆ ವ್ರತ ಹಿಡಿ. ನಮ್ಮಲ್ಲಿ ಈ ಪದವನ್ನು ಕಾಪಾಡಿದವರು ಮುಖ್ಯವಾಗಿ ಜೈನರು. ಜೀವದಯಾಷ್ಟಮಿ, ಅನಂತ ಮೊದಲಾದ ನೋಂಪಿಗಳ ಕಥೆಗಳೇ ಒಂದು ಸಾಹಿತ್ಯ ಪ್ರಕಾರ. ಹುಂಚದಂಥ ಜೈನ ಕ್ಷೇತ್ರವಿರುವ ಈ ಜಿಲ್ಲೆಗೆ ಅದು ಹೊರಗಿನ ಮಾತೇನಲ್ಲ. ಕೇರಳದ ಕ್ರೈಸ್ತ ಮಹಿಳೆ ಭದ್ರಾವತಿಯ ತನ್ನ ಒಲೆಯ ಮುಂದೆ ಅದನ್ನು ಉಚ್ಚರಿಸುವಾಗ, ಕನ್ನಡದ ಒಂದು ಹಳೆಯ ಮಾತು ಸುತ್ತುಬಳಸಿ ಮನೆಗೆ ಬಂದಂತೆ ನನಗೆ ಕೇಳಿಸುತ್ತದೆ. ಕನ್ನಡ ಕಥೋಲಿಕರ ಪೂಜಾಭಾಷೆಯೂ ಇಂಥ ಪದಗಳಿಂದಲೇ ಕಟ್ಟಿದ್ದು: ಬಲಿಪೂಜೆ, ಪರಮಪ್ರಸಾದ, ಜಪಸರ, ತಪಸ್ಸು ಕಾಲ; ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನಕ್ಕೆ ವಿಭೂತಿ ಬುಧವಾರ. ಎರಡನೇ ವ್ಯಾಟಿಕನ್ ಸಭೆ ದೇಶಭಾಷೆಗಳಲ್ಲಿ ಪೂಜೆಗೆ ದಾರಿ ತೆರೆದ ಮೇಲೆ ಈ ಪದಗಳು ಪೀಠದ ಮೇಲಕ್ಕೂ ಬಂದವು.

ಪ್ರೊಟೆಸ್ಟಂಟರಲ್ಲಿ ಸೆಪ್ಟೆಂಬರ್ ಎಂಟಕ್ಕೆ ಈ ಮಹತ್ವವಿಲ್ಲ. ಸಿ.ಎಸ್.ಐ. ಸಭೆಗಳಲ್ಲಿ ಸುಗ್ಗಿಯ ಹಬ್ಬ ಬೇರೆ ದಿನ ನಡೆಯುತ್ತದೆ, ಅದರ ದಿಕ್ಕೂ ಬೇರೆ. ಅಲ್ಲಿ ಮನೆಯ ಮೊದಲ ಫಲ, ಒಂದು ಕುಂಬಳಕಾಯಿಯೋ ಬಾಳೆಗೊನೆಯೋ ಒಂದು ಸೇರು ಅಕ್ಕಿಯೋ, ದೇವಾಲಯಕ್ಕೆ ಬರುತ್ತದೆ; ಆರಾಧನೆಯ ನಂತರ ಹರಾಜಾಗುತ್ತದೆ; ಬೆಲೆಯನ್ನು ಲೆಕ್ಕಿಸದೆ ಕೂಗಿ ಕೊಂಡ ಹಣ ಸಭೆಯ ನಿಧಿಗೆ ಸೇರುತ್ತದೆ. ಒಂದರಲ್ಲಿ ಫಲ ಮನೆಯಿಂದ ದೇವಾಲಯಕ್ಕೆ, ಇನ್ನೊಂದರಲ್ಲಿ ತೆನೆ ದೇವಾಲಯದಿಂದ ಮನೆಗೆ.

ಆಲ್ಕೊಳದ ಸಮಾಜಸೇವಾ ಸಂಸ್ಥೆಯನ್ನು ಮೊದಲಿಗೇ ಹೆಸರಿಸಿದ್ದಕ್ಕೆ ಕಾರಣವಿದೆ. ಒಲೆಯ ಮುಂದೆ ಬಿಟ್ಟದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ವ್ರತದ ಬೆನ್ನಿಗೇ ಬರುತ್ತದೆ. ಕೇರಳದ ಕ್ರೈಸ್ತರಲ್ಲಿ ‘ಪಿಡಿಯರಿ’ ಎಂಬ ರೂಢಿಯಿದೆ: ಪ್ರತಿದಿನ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು, ತುಂಬಿದಾಗ ಹಸಿದವರಿಗೆ ಕೊಡುವುದು. 19ನೇ ಶತಮಾನದ ಸಂತ ಚಾವರ ಕುರಿಯಾಕೋಸ್ ಏಲಿಯಾಸ್ ಅವರ ಹೆಸರಿನೊಂದಿಗೆ ಅದು ಬೆಸೆದುಕೊಂಡಿದೆ. ನಮ್ಮ ಮಠಗಳ ಮುಷ್ಟಿ ಅಕ್ಕಿಯೂ ಇದರ ಸೋದರ. ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆಗಳು ಸ್ವಸಹಾಯ ಸಂಘಗಳನ್ನು ಕಟ್ಟಿದಾಗ ಇದೇ ಹಿಡಿ ಲೆಕ್ಕದ ಪುಸ್ತಕಕ್ಕೆ ಬಂತು. ಕರ್ನಾಟಕದಲ್ಲಿ ಇಂಥ ಗುಂಪುಗಳಿಗೆ ಮೈರಾಡ ಸಂಸ್ಥೆ 1980ರ ದಶಕದಲ್ಲೇ ರೂಪ ಕೊಟ್ಟಿತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಹತ್ತರಿಂದ ಇಪ್ಪತ್ತು ಹೆಂಗಸರು, ವಾರದ ಉಳಿತಾಯ, ಸಾಲ ಯಾರಿಗೆ ಮೊದಲು ಎಂಬುದಕ್ಕೆ ಎಲ್ಲರೆದುರು ಮಾತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87ರಷ್ಟು ಮಾತ್ರ. ಹಾಗಾಗಿ ಇಂಥ ಸಂಘದ ಚಾಪೆಯಲ್ಲಿ ಕ್ರೈಸ್ತ ಹೆಂಗಸಿನ ಪಕ್ಕ ಕೂತವಳು ಬಹುಮಟ್ಟಿಗೆ ಬೇರೆ ಧರ್ಮದವಳೇ. ಆಕೆಗೆ ಇವಳ ನಂಬಿಕೆ ಗೊತ್ತಾಗುವುದು ಪುಸ್ತಕದಲ್ಲಿ ಬರೆದ ಮೊತ್ತ ಸರಿಯಿದೆಯೇ, ಆಡಿದ ಮಾತು ಉಳಿಯಿತೇ ಎಂಬುದರಿಂದ. ಈ ಚಾಪೆಯನ್ನು ನಾನು ಬಾಳೆಲೆಯ ಮುಂದುವರಿಕೆಯೆಂದೇ ಓದುತ್ತೇನೆ. ಇಲ್ಲದವರ ಪಾಲು ತೆಗೆದಿಡುವ ನಿಯಮವನ್ನು ಎಲೆಯ ಮುಂದೆ ಕಲಿತವರಿಗೆ, ಹೆಚ್ಚು ಕಷ್ಟದಲ್ಲಿರುವವಳಿಗೆ ಮೊದಲ ಸಾಲ ಎಂಬ ತೀರ್ಮಾನ ಹೊಸ ಪಾಠವಲ್ಲ.

ಈಚಿನ ದಶಕಗಳಲ್ಲಿ ಭಾರತದ ಕಥೋಲಿಕ ಸಭೆ ಸೆಪ್ಟೆಂಬರ್ 8ನ್ನು ಹೆಣ್ಣುಮಗುವಿನ ದಿನವೆಂದೂ ಆಚರಿಸುತ್ತಿದೆ. ಒಂದು ಹೆಣ್ಣುಮಗು ಹುಟ್ಟಿದ್ದಕ್ಕೆ ಊರೆಲ್ಲ ಸಿಹಿ ಉಣ್ಣುವ ಹಬ್ಬ ಇದು ಎಂಬುದು ಎಲ್ಲರ ಕಣ್ಣೆದುರೇ ಇತ್ತು. ಅದಕ್ಕೆ ಹೆಸರಿಟ್ಟದ್ದು ಮಾತ್ರ ತಡವಾಗಿ. ಹೂ ಹಿಡಿದು ಸಾಲು ನಿಲ್ಲುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಧರ್ಮೋಪದೇಶ ತರಗತಿಗಳು ಹೆಚ್ಚಬೇಕು ಎಂದು ನನಗೆ ಅನ್ನಿಸುತ್ತದೆ.

ಶಿವಮೊಗ್ಗದ ಗದ್ದೆಗಳ ನಿಜವಾದ ಹೊಸಕ್ಕಿ ಅಂಗಡಿಗೆ ಬರುವ ಹೊತ್ತಿಗೆ ಕ್ರಿಸ್ಮಸ್ಸಿನ ಸಿದ್ಧತೆ ನಡೆದಿರುತ್ತದೆ. ಹೊಸಕ್ಕಿಯ ಅನ್ನ ಅಂಟುತ್ತದೆ, ಮುದ್ದೆಯಾಗುತ್ತದೆ. ಅದಕ್ಕೆ ಹಳೆಯ ಅಕ್ಕಿ ಬೆರೆಸಿ ಬೇಯಿಸುತ್ತಾರೆ. ಆಗ ಅದಕ್ಕೆ ಆಶೀರ್ವಾದದ ವಿಧಿಯೇನೂ ಇಲ್ಲ. ಸೆಪ್ಟೆಂಬರಿನಲ್ಲಿ ತಂದ ತೆನೆಯನ್ನು ಉಳಿಸಿಕೊಂಡ ಮನೆಗಳಲ್ಲಿ ಅದು ಶಿಲುಬೆಯ ಪಕ್ಕದಲ್ಲಿ ಒಣಗಿ, ಮುಂದಿನ ವರ್ಷದ ತೆನೆ ಬರುವವರೆಗೆ ಅಲ್ಲೇ ಇರುತ್ತದೆ.