ಉತ್ಸರ್ಗ ಸಮಿತಿಯೂ ಮನೆಯ ಶುಷ್ಕಕೋಶವೂ

ಜೈನ ಮುನಿಗಳಿಗೆ ವಿಹಿತವಾದ ಪಂಚ ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ನಡೆಯುವಲ್ಲಿ, ನುಡಿಯುವಲ್ಲಿ, ಆಹಾರ ಸ್ವೀಕರಿಸುವಲ್ಲಿ, ವಸ್ತುಗಳನ್ನು ಎತ್ತಿಡುವಲ್ಲಿ ಇರುವಷ್ಟೇ ಎಚ್ಚರ ತ್ಯಜಿಸುವಲ್ಲಿಯೂ ಇರಬೇಕೆಂಬುದು ಇದರ ತಾತ್ಪರ್ಯ. ಮಲಮೂತ್ರಾದಿಗಳನ್ನು ಬಿಡುವ ಮುನ್ನ ಮುನಿಯು ನೆಲವು ನಿರ್ಜಂತುಕವೆಂದು ನೋಡಿಕೊಳ್ಳಬೇಕು. ಶ್ರಾವಕರಿಗಾದರೋ ಅನರ್ಥದಂಡವಿರತಿಯ ವ್ರತವಿದೆ. ನಿಷ್ಪ್ರಯೋಜಕವಾಗಿ ಭೂಮಿ, ನೀರು, ಅಗ್ನಿ, ವಾಯುಗಳನ್ನು ಪೀಡಿಸುವ ಪ್ರಮಾದಚರ್ಯೆಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಜ್ಯವೆಂದು ಎಣಿಸಿದ್ದಾರೆ.

ಆಚಾರ್ಯರ ಕಾಲದಲ್ಲಿ ಇಲ್ಲದ ಒಂದು ಕಸ ಇಂದು ಮನೆಮನೆಯಲ್ಲಿದೆ. 1800ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳಿಂದ ನಿರಂತರ ವಿದ್ಯುತ್ ಪಡೆದರು. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಸತು, ಇಂಗಾಲ, ಮ್ಯಾಂಗನೀಸುಗಳ ಕೋಶವನ್ನು ರಚಿಸಿದರು. 1886ರಲ್ಲಿ ಜರ್ಮನಿಯ ಗ್ಯಾಸ್ನರ್ ಅದನ್ನು ಚೆಲ್ಲದಂತಹ ಶುಷ್ಕಕೋಶವನ್ನಾಗಿಸಿದರು. ಅದೇ ನಮ್ಮ ಟಾರ್ಚಿನ ಸೆಲ್ಲು. ಇದರಲ್ಲಿ ಸತುವಿನ ಪಾತ್ರೆಯೇ ಸವೆದು ವಿದ್ಯುತ್ತಾಗುತ್ತದೆ. ಆದ್ದರಿಂದಲೇ ಹಳೆಯ ಸೆಲ್ಲು ತೂತಾಗಿ ಒಸರುತ್ತದೆ. ಹಿಂದಿನ ಸೆಲ್ಲುಗಳಲ್ಲಿ ಪಾದರಸವನ್ನೂ ಬೆರೆಸುತ್ತಿದ್ದರು. ಪಾದರಸವು ನೀರಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಸಾಗುವುದನ್ನು 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟಾ ರೋಗವು ಜಗತ್ತಿಗೆ ತೋರಿತು.

ಜೋಯಿಡಾದ ಕಾಡಿನಲ್ಲಿ ಹುಟ್ಟುವ ಕಾಳಿ ನದಿ ದಾಂಡೇಲಿಯನ್ನು ಹಾದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಹಳಿಯಾಳದ ತಟ್ಟಿಹಳ್ಳವೂ ಅದನ್ನೇ ಕೂಡುತ್ತದೆ. ಮುಂಡಗೋಡಿನ ಗದ್ದೆಗಳಿಗೆ ಕೆರೆ, ಜಲಾಶಯಗಳ ನೀರೂ ಆಧಾರ. ಇಂತಹ ಸೀಮೆಯಲ್ಲಿ ತಿಪ್ಪೆಗೆಸೆದ ಸೆಲ್ಲು ಮಳೆಗಾಲದಲ್ಲಿ ತಿಪ್ಪೆಯಲ್ಲಿಯೇ ನಿಲ್ಲುವುದಿಲ್ಲ. ಸುಟ್ಟರೆ ಅಪಾಯ ಇನ್ನೂ ಹೆಚ್ಚು: ಸೆಲ್ಲು ಸಿಡಿಯಬಹುದು, ವಿಷಯುಕ್ತ ಹೊಗೆ ಹರಡಬಹುದು. ಪೃಥ್ವೀಕಾಯ, ಅಪ್ಕಾಯ, ವಾಯುಕಾಯ ಜೀವಗಳಿಗೆ ಏಕಕಾಲದಲ್ಲಿ ಘಾತವಾಗುತ್ತದೆ.

ರಾಜಶಾಸನವು ಈ ಎಚ್ಚರಕ್ಕೆ ತಡವಾಗಿ ಬಂದಿತು. 2001ರ ಕೇಂದ್ರ ನಿಯಮಗಳು ಸೀಸ-ಆಮ್ಲದ ಬ್ಯಾಟರಿಗಳಿಗೆ ಮಾತ್ರ ಅನ್ವಯಿಸಿದವು. 2022ರ ಆಗಸ್ಟಿನ ನಿಯಮಗಳು ಮನೆಯ ಸಣ್ಣ ಬ್ಯಾಟರಿಗಳನ್ನೂ ಒಳಗೊಂಡು, ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಇತರ ಕಸದೊಡನೆ ಅವುಗಳನ್ನು ಬೆರೆಸದಿರುವುದು ಬಳಕೆದಾರರ ಕರ್ತವ್ಯವೆಂದೂ ವಿಧಿಸಿವೆ.

ಒಂದು ಮನೆಯ ಎರಡು ಸೆಲ್ಲುಗಳನ್ನು ದೂರದ ಕೇಂದ್ರಕ್ಕೆ ಒಯ್ಯುವುದು ಕಷ್ಟ. ಸಮಾಜವೇ ಕೂಡಿಸಿದರೆ ಸುಲಭ. ಬಸದಿಯಲ್ಲಿ ಮುಚ್ಚಳವಿರುವ, ಮಕ್ಕಳ ಕೈಗೆ ಎಟುಕದ, ಒಣಗಿದ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಇಡಬಹುದು. ಲಿಥಿಯಂ ಹಾಗೂ ಗುಂಡಿಯಾಕಾರದ ಸೆಲ್ಲುಗಳ ತುದಿಗಳಿಗೆ ಟೇಪು ಅಂಟಿಸಬೇಕು. ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆಯುವುದು ಟ್ರಸ್ಟಿನ ಹೊಣೆಯಾಗಲಿ. ಪೆಟ್ಟಿಗೆ ತುಂಬಿತೆಂದು ಹಿತ್ತಲ ಗುಂಡಿಗೆ ಸುರಿದರೆ ಪ್ರಮಾದವು ಮನೆಯಿಂದ ಬಸದಿಗೆ ಸ್ಥಳಾಂತರವಾದಂತಾಯಿತು, ಅಷ್ಟೆ. ಬಿಟ್ಟ ವಸ್ತು ಎಲ್ಲಿ ಸೇರಿತೆಂದು ನೋಡಿದಾಗಲೇ ಉತ್ಸರ್ಗ ಪೂರ್ಣವಾಗುತ್ತದೆ.