60 ಸಾವಿರದ ಹೆಡ್‌ಫೋನ್: ದುಡ್ಡು ನಿಮ್ಮದು, ರಿಪೇರಿ ಹಕ್ಕು ಯಾರದು?

ದುಬಾರಿ ಹೆಡ್‌ಫೋನ್ ಅಂದ್ರೆ ಕಿವಿಗೆ ಹಿತ, ಬಾಳಿಕೆಯೂ ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿದೆ. ಆದರೆ ನಾವು ಕೊಡುವ ಹೆಚ್ಚಿನ ಹಣ ಬಹುಪಾಲು ಹೋಗುವುದು ಧ್ವನಿಯ ಗುಣಮಟ್ಟ, ಶಬ್ದ ತಡೆಯುವ ತಂತ್ರಜ್ಞಾನ ಮತ್ತು ಬ್ರ್ಯಾಂಡ್ ಹೆಸರಿಗೆ. ಹಿತ, ಬಾಳಿಕೆ ಎರಡನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು.

ತಲೆ ಮೇಲಿನ ಭಾರ

2020ರ ಡಿಸೆಂಬರ್‌ನಲ್ಲಿ ಬಂದ ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್‌ನ ಬೆಲೆ ಭಾರತದಲ್ಲಿ ಆಗ 59,900 ರೂಪಾಯಿ ಇತ್ತು, ತೂಕ ಸುಮಾರು 385 ಗ್ರಾಂ. ಅದಕ್ಕಿಂತ ಎಷ್ಟೋ ಅಗ್ಗವಾದ ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ. ಒಂದರಲ್ಲಿ ಲೋಹ, ಇನ್ನೊಂದರಲ್ಲಿ ಪ್ಲಾಸ್ಟಿಕ್; ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದೇ. ದೊಡ್ಡ ಅಯಸ್ಕಾಂತ ಬಳಸುವ ಕೆಲವು ಪ್ಲಾನರ್ ಹೆಡ್‌ಫೋನ್‌ಗಳಂತೂ ಅರ್ಧ ಕಿಲೋ ದಾಟುತ್ತವೆ.

ತೂಕದ ಜೊತೆ ಬಿಗಿತವೂ ಮುಖ್ಯ. ಬಿಗಿ ಹೆಚ್ಚಾದ್ರೆ ಕನ್ನಡಕದ ಕಡ್ಡಿ ಒತ್ತಿ ಅರ್ಧ ಗಂಟೆಗೇ ನೋವು ಶುರು. ಸಡಿಲವಾದ್ರೆ ಜಾರುತ್ತೆ, ಹೊರಗಿನ ಸದ್ದೂ ಒಳಗೆ ಬರುತ್ತೆ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದರೆ ಇದು ಗೊತ್ತಾಗಲ್ಲ. ದಿನಕ್ಕೆ ಎಂಟು ಗಂಟೆ ಕಾಲ್‌ನಲ್ಲೇ ಕೂರುವವರಿಗೆ ಇದು ಶೋಕಿಯ ವಿಷಯವಲ್ಲ, ದುಡಿಮೆಯ ಜಾಗದ ಆರೋಗ್ಯದ ಪ್ರಶ್ನೆ.

ಮೊದಲು ಕೆಡೋದು ಯಾವುದು?

ಮೊದಲು ಹೋಗೋದು ಕಿವಿಯ ಮೆತ್ತೆ. ಕೃತಕ ಚರ್ಮ ಬೆವರು, ತೇವಾಂಶಕ್ಕೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತೆ. ಮಂಗಳೂರಿನಂಥ ಕರಾವಳಿ ಹವೆಯಲ್ಲಿ ಇನ್ನೂ ಬೇಗ. ಆಮೇಲೆ ಮಡಚುವ ಕೀಲು. ಕೊನೆಗೆ ಬ್ಯಾಟರಿ: ಲಿಥಿಯಂ-ಅಯಾನ್ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆದ ಮೇಲೆ ಸೊರಗುತ್ತಾ ಹೋಗುತ್ತೆ. ಸ್ಪೀಕರ್ ಚೆನ್ನಾಗೇ ಇರುತ್ತೆ, ಆದರೆ ಬ್ಯಾಟರಿ ಬದಲಿಸಲಾಗದೆ ಇಡೀ ಸಾಧನ ಇ-ತ್ಯಾಜ್ಯವಾಗುತ್ತೆ.

ಇದು ಅನಿವಾರ್ಯವೇನಲ್ಲ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600ರ ಕೇಬಲ್, ಮೆತ್ತೆಗಳನ್ನು ಕೈಯಿಂದಲೇ ಬಿಚ್ಚಿ ಹೊಸದು ಹಾಕಬಹುದು. ಅದು ವೈರ್ ಇರುವ, ಸದ್ದು ಹೊರಗೆ ಬಿಡುವ ಮಾದರಿ. ಬಸ್ಸು, ಮೆಟ್ರೋಗೆ ಆಗಲ್ಲ ನಿಜ. ಆದರೆ 2023ರಲ್ಲಿ ಫೇರ್‌ಫೋನ್ ಕಂಪನಿ ಬ್ಯಾಟರಿ ಬದಲಿಸಬಹುದಾದ ವೈರ್‌ಲೆಸ್ ಹೆಡ್‌ಫೋನನ್ನೂ ತಂದಿತು. ಅಂದ್ರೆ ಅಡ್ಡಿ ಇರೋದು ತಂತ್ರಜ್ಞಾನದಲ್ಲಲ್ಲ, ಕಂಪನಿಗಳ ವ್ಯಾಪಾರದ ಲೆಕ್ಕಾಚಾರದಲ್ಲಿ.

ಕಾನೂನು ಏನು ಹೇಳುತ್ತೆ?

ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ಕೆಲವು ವಿನಾಯಿತಿಗಳೂ ಇವೆ.

ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ಲನ್ನೂ ತೆರೆಯಿತು. ಆದರೆ ಪೋರ್ಟಲ್‌ನಲ್ಲಿ ಮಾಹಿತಿ ಹಾಕುವುದು ಬೇರೆ, ಬಿಡಿಭಾಗ ಕೊಡಲೇಬೇಕೆಂದು ಕಂಪನಿಯನ್ನು ಕಟ್ಟಿಹಾಕುವುದು ಬೇರೆ. ಬೆಂಗಳೂರಿನ ಎಸ್‌ಪಿ ರಸ್ತೆಯ ರಿಪೇರಿಯವರ ಕೈಯಲ್ಲಿ ಕಸುಬು ಇದ್ದರೂ ಅಸಲಿ ಬಿಡಿಭಾಗ, ಸರ್ಕ್ಯೂಟ್ ನಕ್ಷೆ ಸಿಗದಿದ್ದರೆ ಅವರು ತಾನೇ ಏನು ಮಾಡ್ತಾರೆ?

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ದೋಷವಿರುವ ವಸ್ತುವಿನ ಬಗ್ಗೆ ಮೊದಲು 1915 ಸಹಾಯವಾಣಿಗೆ ದೂರಬಹುದು. ಬಗೆಹರಿಯದಿದ್ದರೆ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಸಮಸ್ಯೆ ಎದುರಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್, ಫೋಟೊ, ಇಮೇಲ್ ಎಲ್ಲವನ್ನೂ ಜೋಪಾನವಾಗಿಡಿ.

ಕೊಳ್ಳೋ ಮುಂಚೆ ಕೇಳಿ

- ತೂಕ ಎಷ್ಟು? ವಾಪಸ್ ಮಾಡಲು ಎಷ್ಟು ದಿನ ಅವಕಾಶ?
- ಮೆತ್ತೆ ಬೇರೆಯಾಗಿ ಸಿಗುತ್ತಾ, ಬೆಲೆ ಎಷ್ಟು?
- ವಾರಂಟಿ ಮುಗಿದ ಮೇಲೆ ಬ್ಯಾಟರಿ ಬದಲಿಸಲು ಎಷ್ಟಾಗುತ್ತೆ?
- ಬ್ಯಾಟರಿ ಸತ್ತರೂ ವೈರ್ ಹಾಕಿ ಕೇಳಬಹುದಾ?
- ಕೀಲು ಮುರಿದರೆ ಅದು ವಾರಂಟಿಗೆ ಬರುತ್ತಾ?

ಉತ್ತರ ಬರಹದಲ್ಲಿ ಸಿಗದಿದ್ದರೆ, ಕೊಳ್ಳಬೇಕೋ ಬೇಡವೋ ಅನ್ನೋದನ್ನ ಇನ್ನೊಮ್ಮೆ ಯೋಚಿಸಿ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಸರಿಮಾಡಿಸಿಕೊಳ್ಳುವ ದಾರಿಯೇ ಇಲ್ಲ ಅಂದ್ರೆ, ನಾವು ಅದರ ಒಡೆಯರಲ್ಲ, ಬರೀ ಬಾಡಿಗೆದಾರರು.