ಪಿಯುಸಿ ಅಂಕಗಳು ಮತ್ತು ಉನ್ನತ ಶಿಕ್ಷಣ ಪ್ರವೇಶ

ಕರ್ನಾಟಕದಲ್ಲಿ ಹನ್ನೆರಡನೆಯ ತರಗತಿಗೆ ಸಮನಾದ ದ್ವಿತೀಯ ಪಿಯುಸಿ ಪರೀಕ್ಷೆಯ ಅಂಕಗಳು ಕಾಲೇಜು ಪ್ರವೇಶದಲ್ಲಿ ಮೂರು ಬಗೆಯಾಗಿ ಲೆಕ್ಕಕ್ಕೆ ಬರುತ್ತವೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಂಥ ಪದವಿಗಳಿಗೆ ಅಂಕಗಳೇ ಆಯ್ಕೆಗೆ ಆಧಾರ. ಎಂಜಿನಿಯರಿಂಗ್, ಕೃಷಿ ವಿಜ್ಞಾನ, ವಾಸ್ತುಶಿಲ್ಪ ಕೋರ್ಸುಗಳಲ್ಲಿ ಅವು ಪ್ರವೇಶ ಪರೀಕ್ಷೆಯ ಅಂಕಗಳ ಜೊತೆ ಸೇರಿ ರ‍್ಯಾಂಕ್ ನಿರ್ಧರಿಸುತ್ತವೆ. ವೈದ್ಯಕೀಯ ಕೋರ್ಸುಗಳಿಗೂ ಐಐಟಿ, ಎನ್‌ಐಟಿಗಳಿಗೂ ಅವು ಕನಿಷ್ಠ ಅರ್ಹತೆ ಮಾತ್ರ. ಒಂದೇ ಅಂಕಪಟ್ಟಿಗೆ ಒಂದೊಂದು ಬಾಗಿಲಲ್ಲಿ ಒಂದೊಂದು ಬೆಲೆ ಇದೆ. ಎಲ್ಲಿ ಎಷ್ಟು ಎಂಬುದನ್ನು ಪ್ರಥಮ ಪಿಯುಸಿಗೆ ಸೇರುವಾಗಲೇ ಅರಿತವರ ಸಿದ್ಧತೆಗೂ ಫಲಿತಾಂಶ ಬಂದ ಮೇಲೆ ಅರಿತವರ ಸಿದ್ಧತೆಗೂ ಬಹಳ ಅಂತರವಿರುತ್ತದೆ.

ಹಿನ್ನೆಲೆ

ಭಾರತದಲ್ಲಿ ಶಾಲೆಯ ಕೊನೆಯ ಪರೀಕ್ಷೆ ಹುಟ್ಟಿದ್ದೇ ವಿಶ್ವವಿದ್ಯಾಲಯದ ಪ್ರವೇಶಕ್ಕಾಗಿ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳು ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ತಾವೇ ನಡೆಸುತ್ತಿದ್ದವು. ಧಾರವಾಡದ ಹುಡುಗ ಮುಂಬಯಿಯ ಮೆಟ್ರಿಕ್ ಪಾಸಾಗಬೇಕಿತ್ತು, ಮಂಗಳೂರಿನವನು ಮದ್ರಾಸಿನದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ 1949ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಬಂದ ಮೇಲೆ ಕನ್ನಡ ನಾಡಿನಲ್ಲೇ ಈ ವ್ಯವಸ್ಥೆ ನೆಲೆಯೂರಿತು. 1964–66ರ ಕೊಠಾರಿ ಆಯೋಗದ ಶಿಫಾರಸಿನ ನಂತರ ದೇಶದಾದ್ಯಂತ ಹತ್ತು ವರ್ಷ ಶಾಲೆ, ಎರಡು ವರ್ಷ ಪದವಿಪೂರ್ವ, ಮೂರು ವರ್ಷ ಪದವಿ ಎಂಬ ವಿಂಗಡಣೆ ರೂಢಿಗೆ ಬಂತು. ಈಗ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳೆರಡನ್ನೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ.

ವೃತ್ತಿಪರ ಕೋರ್ಸುಗಳ ಚರಿತ್ರೆ ಬೇರೆ. ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಖಾಸಗಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಬೆಳೆದಂತೆ ಕ್ಯಾಪಿಟೇಶನ್ ಶುಲ್ಕದ ಪಿಡುಗೂ ಬೆಳೆಯಿತು. ಅದನ್ನು ತಡೆಯಲು ಕರ್ನಾಟಕ 1984ರಲ್ಲಿ ಕಾಯ್ದೆ ಮಾಡಿತು. ಇಂಥ ಶುಲ್ಕವನ್ನು ಪ್ರಶ್ನಿಸಿದ 1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. 1993ರ ಉನ್ನಿಕೃಷ್ಣನ್ ತೀರ್ಪು, ಖಾಸಗಿ ಕಾಲೇಜುಗಳ ಸೀಟುಗಳನ್ನೂ ಪ್ರತಿಭೆಯ ಆಧಾರದ ಮೇಲೆ ಹಂಚಬೇಕೆಂದಿತು. ಮರುವರ್ಷ, 1994ರಲ್ಲಿ, ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ನಡೆಸುವ ಘಟಕ ರಚನೆಯಾಯಿತು. ಮುಂದೆ ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು. ಹಣವಿದ್ದವರಿಗಷ್ಟೇ ಸಿಗುತ್ತಿದ್ದ ಸೀಟು ಪಾರದರ್ಶಕ ಕೌನ್ಸೆಲಿಂಗ್ ಮೂಲಕ ಶಿಕ್ಷಕರ, ಗುಮಾಸ್ತರ, ರೈತರ ಮಕ್ಕಳಿಗೂ ದಕ್ಕತೊಡಗಿದ್ದು ಈ ಬದಲಾವಣೆಯ ದೊಡ್ಡ ಫಲ.

ಎಸ್ಸೆಸ್ಸೆಲ್ಸಿ: ಮೊದಲ ಕವಲು

ಎಸ್ಸೆಸ್ಸೆಲ್ಸಿಯ 625 ಅಂಕಗಳು ವಿಶ್ವವಿದ್ಯಾಲಯದ ಪ್ರವೇಶಕ್ಕೆ ನೇರವಾಗಿ ಬಳಕೆಯಾಗುವುದಿಲ್ಲ. ಆದರೆ ಪಿಯು ಕಾಲೇಜು ಯಾವುದು, ವಿಷಯ ಸಂಯೋಜನೆ ಯಾವುದು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಬೇಡಿಕೆಯಿರುವ ಕಾಲೇಜುಗಳು ವಿಜ್ಞಾನ ವಿಭಾಗಕ್ಕೆ ಕಟ್‌ಆಫ್ ಇಟ್ಟು ಪಟ್ಟಿ ಹಾಕುತ್ತವೆ. ಮುಂದೆ ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ, ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕೇ ಬೇಕು. ಹೀಗಾಗಿ ಹದಿನಾರರ ವಯಸ್ಸಿನಲ್ಲಿ ಆರಿಸಿಕೊಂಡ ಸಂಯೋಜನೆ ಕೆಲವು ದಾರಿಗಳನ್ನು ತೆರೆದು ಕೆಲವನ್ನು ಮುಚ್ಚುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿಯು ವಿಜ್ಞಾನಕ್ಕೆ ಬಂದಾಗ ಇಂಗ್ಲಿಷಿನ ಪಠ್ಯಕ್ಕೂ ಹೊಂದಿಕೊಳ್ಳಬೇಕಾಗುತ್ತದೆ. ಪ್ರಥಮ ಪಿಯುಸಿಯಲ್ಲಿ ಅಂಕ ಕುಸಿಯಲು ಇದು ಮುಖ್ಯ ಕಾರಣಗಳಲ್ಲೊಂದು. ಅದು ಬುದ್ಧಿಯ ಕೊರತೆಯಲ್ಲ ಎಂಬುದನ್ನು ಮನೆಯವರೂ ಉಪನ್ಯಾಸಕರೂ ತಿಳಿದಿರಬೇಕು.

ಅಂಕಗಳೇ ಆಯ್ಕೆಗೆ ಆಧಾರವಾಗುವ ಕಡೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಅನುದಾನಿತ ಕಾಲೇಜುಗಳಲ್ಲೂ ಪದವಿ ಪ್ರವೇಶಕ್ಕೆ ಪಿಯುಸಿ ಅಂಕ ಮತ್ತು ಮೀಸಲಾತಿ ರೋಸ್ಟರ್ ಸಾಕು. ಇದಕ್ಕೆ ಹೊರತಾಗಿ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ದೇಶದ ಇತರ ಕೇಂದ್ರೀಯ ವಿಶ್ವವಿದ್ಯಾಲಯಗಳಂತೆ, 2022ರಲ್ಲಿ ಆರಂಭವಾದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳ ಮೇಲೆ ಪದವಿಗೆ ಸೇರಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಕಟ್‌ಆಫ್ ಶೇ 100ಕ್ಕೆ ಮುಟ್ಟಿತ್ತು. ಬೇರೆಬೇರೆ ಮಂಡಳಿಗಳು ಬೇರೆಬೇರೆ ಧಾರಾಳತನದಿಂದ ಕೊಟ್ಟ ಅಂಕಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಎಷ್ಟು ಕಷ್ಟವೆಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಸಿಇಟಿ ರ‍್ಯಾಂಕ್‌ನ ಲೆಕ್ಕ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಅದೇ ವಿಷಯಗಳ ಸಿಇಟಿ ಅಂಕಗಳಿಂದ ಅರ್ಧ ಪರಿಗಣಿಸಲಾಗುತ್ತದೆ. ಪಿಯುಸಿಯಲ್ಲಿ ಮೂರು ವಿಷಯಕ್ಕೆ 300 ಅಂಕ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 120 ಪಡೆದವರಿಗೆ ಶೇ 90 ಮತ್ತು ಶೇ 66.67ರ ಸರಾಸರಿ ಶೇ 78.33 ಆಗುತ್ತದೆ. ಪಿಯುಸಿಯಲ್ಲಿ 294 ಪಡೆದು ಸಿಇಟಿಯಲ್ಲಿ 105ಕ್ಕೆ ನಿಂತವರಿಗೆ ಶೇ 78.17. ಪಿಯುಸಿಯಲ್ಲಿ 24 ಅಂಕ ಮುಂದಿದ್ದರೂ ಎರಡನೆಯವರ ರ‍್ಯಾಂಕ್ ಹಿಂದೆ ಬೀಳುತ್ತದೆ. ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ ಎಂಬುದು ಈ ಲೆಕ್ಕದ ಸಾರ. ಅಂಕಗಳ ಅಂತರ ಕಿರಿದಾಗಿರುವ ಕಡೆ ಇಷ್ಟು ಸಣ್ಣ ವ್ಯತ್ಯಾಸವೂ ಕಾಲೇಜನ್ನೇ ಬದಲಿಸಬಲ್ಲದು.

ಹಾಗೆಂದು ಪಿಯುಸಿಯನ್ನು ಹಗುರವಾಗಿ ನೋಡುವಂತಿಲ್ಲ. ಆ 300 ಅಂಕಗಳಲ್ಲಿ ಭೌತ ಮತ್ತು ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ತಲಾ 30, ಗಣಿತದ ಆಂತರಿಕ ಮೌಲ್ಯಮಾಪನದ 20 ಸೇರಿ 80 ಅಂಕ ವರ್ಷವಿಡೀ ತರಗತಿಗೂ ಪ್ರಯೋಗಾಲಯಕ್ಕೂ ತಪ್ಪದೆ ಹೋದವರಿಗೆ ಒಲಿಯುವಂಥವು. ಅರ್ಹತೆಯ ಗಡಿಯೂ ಇದೆ: ನಿಗದಿತ ಮೂರು ವಿಷಯಗಳ ಒಟ್ಟಿನಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲು ವರ್ಗಗಳಿಗೆ ಶೇ 40 ಬರದಿದ್ದರೆ ಸಿಇಟಿಯಲ್ಲಿ ಎಷ್ಟೇ ಅಂಕ ಬಂದರೂ ಸೀಟು ಸಿಗದು. ವಾಸ್ತುಶಿಲ್ಪದಲ್ಲಿ ಸಿಇಟಿಯ ಜಾಗದಲ್ಲಿ ನಾಟಾ ಪರೀಕ್ಷೆಯ ಅಂಕ ಅರ್ಧ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿಕರ ಕೋಟಾದ ಅಭ್ಯರ್ಥಿಗಳಿಗೆ ಪಿಯುಸಿ, ಸಿಇಟಿ ಜೊತೆಗೆ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಸೇರುತ್ತದೆ. ಖಾಸಗಿ ಕಾಲೇಜುಗಳ ಕಾಮೆಡ್–ಕೆ ಪರೀಕ್ಷೆಯಲ್ಲಿ ಪಿಯುಸಿ ಅಂಕ ಅರ್ಹತೆಗಷ್ಟೇ ಸೀಮಿತ.

ಅರ್ಹತೆಗಷ್ಟೇ ಬೇಕಾಗುವ ಕಡೆ

ವೈದ್ಯಕೀಯ ಸೀಟುಗಳು 2017ರಿಂದ ಪೂರ್ತಿಯಾಗಿ ನೀಟ್ ರ‍್ಯಾಂಕ್ ಮೇಲೆ ಹಂಚಿಕೆಯಾಗುತ್ತಿವೆ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40 ಇದ್ದರೆ ಸಾಕು. ಅದೇ ವರ್ಷದಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ. ಜೆಇಇ ಮೇನ್‌ನಲ್ಲಿ 2013ರಿಂದ 2016ರವರೆಗೆ ಹನ್ನೆರಡನೆಯ ತರಗತಿಯ ಅಂಕಕ್ಕೆ ಶೇ 40ರಷ್ಟು ಪಾಲಿತ್ತು. 2017ರಿಂದ ಅದನ್ನು ತೆಗೆದುಹಾಕಲಾಯಿತು. ಆದರೆ ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿಯಂಥ ಸಂಸ್ಥೆಗಳಿಗೆ ಸೇರಲು ಶೇ 75 ಅಂಕ, ಪರಿಶಿಷ್ಟರಿಗೆ ಶೇ 65, ಇಲ್ಲವೇ ತಮ್ಮ ಮಂಡಳಿಯ ಮೊದಲ ಶೇ 20ರೊಳಗಿನ ಸ್ಥಾನ ಬೇಕು. ಕೋವಿಡ್ ಕಾಲದಲ್ಲಿ ಸಡಿಲಿಸಿದ್ದ ಈ ನಿಯಮ 2023ರಲ್ಲಿ ಮರಳಿತು. ಜೆಇಇಗಾಗಿ ಪಿಯುಸಿ ಪಾಠ ಬದಿಗಿಟ್ಟವರು ಎಡವುವುದು ಇಲ್ಲಿಯೇ.

ನಿಯಮ ಪರೀಕ್ಷೆಗೊಳಗಾದ ವರ್ಷಗಳು

2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಮರುಪರೀಕ್ಷೆಯ ಪತ್ರಿಕೆಯೂ ಸೋರಿಕೆಯಾಗಿ, ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ ನಡೆಸಬೇಕಾಯಿತು. ಪ್ರಾಮಾಣಿಕವಾಗಿ ಓದಿದ ಲಕ್ಷಾಂತರ ಮಕ್ಕಳು ತಾವು ಮಾಡದ ತಪ್ಪಿಗೆ ಸಂಕಟ ಅನುಭವಿಸಿದರು.

2021ರಲ್ಲಿ ಕೋವಿಡ್ ಕಾರಣ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿ ಅಂಕಗಳನ್ನೂ ಆಂತರಿಕ ಮೌಲ್ಯಮಾಪನವನ್ನೂ ಆಧರಿಸಿ ಫಲಿತಾಂಶ ಕೊಡಲಾಯಿತು. ಸಿಇಟಿ ರ‍್ಯಾಂಕ್ ಸಿಇಟಿ ಅಂಕಗಳಿಂದಲೇ ಸಿದ್ಧವಾಯಿತು. ಮರುವರ್ಷ 2021ರ ಆ ವಿದ್ಯಾರ್ಥಿಗಳಲ್ಲಿ ಹಲವರು ಮತ್ತೆ ಸಿಇಟಿ ಬರೆದಾಗ, ಪರೀಕ್ಷೆಯಿಲ್ಲದೆ ಬಂದ ಪಿಯುಸಿ ಅಂಕವನ್ನು ಅರ್ಧ ಪಾಲಾಗಿ ಸೇರಿಸಬೇಕೇ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಪಿಯುಸಿ ಅಂಕಗಳಲ್ಲಿ ಒಂದಿಷ್ಟು ಕಡಿತ ಮಾಡಿ ಪರಿಗಣಿಸುವ ಸೂತ್ರಕ್ಕೆ ನ್ಯಾಯಾಲಯದ ಒಪ್ಪಿಗೆ ದೊರೆತು ಸೀಟು ಹಂಚಿಕೆ ಮುಂದುವರಿಯಿತು.

2024ರ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಅಧ್ಯಾಯಗಳ ಪ್ರಶ್ನೆಗಳು ಕಾಣಿಸಿಕೊಂಡವು. ಅಂಥ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಲಾಯಿತು. ಪಿಯು ಪಠ್ಯಕ್ಕೂ ಪ್ರವೇಶ ಪರೀಕ್ಷೆಗೂ ಹೊಂದಾಣಿಕೆ ತಪ್ಪಿದರೆ ಪಠ್ಯಪುಸ್ತಕ ನಂಬಿ ಓದಿದವರೇ ಮೊದಲು ಪೆಟ್ಟು ತಿನ್ನುತ್ತಾರೆ.

ಅದೇ ವರ್ಷ ಮಂಡಳಿ ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆಗಳನ್ನು ನಡೆಸಿ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಕೊಟ್ಟಿತು. ಒಂದು ದಿನದ ಜ್ವರ, ಮನೆಯ ಒಂದು ಸಾವು ಇಡೀ ವರ್ಷವನ್ನು ನುಂಗದಂತೆ ತಡೆದ ಮಾನವೀಯ ಸುಧಾರಣೆ ಇದು. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದು ಮರುಮೌಲ್ಯಮಾಪನ ಕೇಳುವ ಹಕ್ಕು ಹಿಂದಿನಿಂದಲೂ ಇದೆ.

ದಾಖಲೆ, ಮೀಸಲಾತಿ ಮತ್ತು ಹೊರನಾಡ ಕನ್ನಡಿಗರು

ಅಂಕ ಒಂದೇ ಸಾಲದು. ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದು ಎಂಬುದೂ ಮುಖ್ಯ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಸಂವಿಧಾನದ 371–ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಆ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಅರ್ಹತೆಯಿದ್ದೂ ಕಾಗದ ಸಕಾಲಕ್ಕೆ ಮಾಡಿಸದೆ ಈ ಲಾಭ ಕಳೆದುಕೊಳ್ಳುವ ಹಳ್ಳಿಯ ಮಕ್ಕಳಿದ್ದಾರೆ. ಆದ್ದರಿಂದ ಪ್ರಮಾಣಪತ್ರಗಳನ್ನು ಪರೀಕ್ಷೆಗೆ ಮುಂಚೆಯೇ ಸಿದ್ಧವಾಗಿಡುವುದು ಜಾಣತನ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಯಂಥ ಗಡಿನಾಡಿನ ಮತ್ತು ಹೊರನಾಡಿನ ಕನ್ನಡಿಗರು 50 ಅಂಕದ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಪಡೆದರೆ ಸಿಇಟಿ ಸೀಟಿಗೆ ಅರ್ಹರಾಗುತ್ತಾರೆ.

ಸಿದ್ಧತೆ

ಪಿಯುಸಿ ಪರೀಕ್ಷೆ ವಿವರಿಸಿ ಬರೆಯುವಂಥದ್ದು. ಹಂತ ಹಂತಕ್ಕೂ ಅಂಕವಿದೆ. ಸಿಇಟಿ ಬಹುಆಯ್ಕೆಯದು. 80 ನಿಮಿಷದಲ್ಲಿ 60 ಪ್ರಶ್ನೆ, ಅಂದರೆ ಪ್ರಶ್ನೆಗೆ 80 ಸೆಕೆಂಡ್. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ ಸಿಕ್ಕರೆ ತಪ್ಪಿಗೆ 1 ಅಂಕ ಹೋಗುತ್ತದೆ. ಅಲ್ಲಿ ಊಹೆ ಅಪಾಯ. ಪರೀಕ್ಷೆಗಳ ರೀತಿ ಬೇರೆಯಾದರೂ ಬೇರು ಒಂದೇ. ಪಿಯು ವಿಜ್ಞಾನದಲ್ಲಿ ಎನ್‌ಸಿಇಆರ್‌ಟಿ ಪಠ್ಯವೇ ಇರುವುದರಿಂದ, ಪಠ್ಯವನ್ನು ಅರ್ಥಮಾಡಿಕೊಂಡು ಓದಿ, ಅಧ್ಯಾಯ ಮುಗಿದಂತೆಲ್ಲ ಹಿಂದಿನ ವರ್ಷಗಳ ಬಹುಆಯ್ಕೆ ಪ್ರಶ್ನೆಗಳನ್ನು ಬಿಡಿಸಿದರೆ ಪಿಯುಸಿ ಮತ್ತು ಪ್ರವೇಶ ಪರೀಕ್ಷೆಯ ಸಿದ್ಧತೆಗಳೆರಡೂ ಒಟ್ಟೊಟ್ಟಿಗೆ ಸಾಗುತ್ತವೆ. ಪ್ರವೇಶ ಪರೀಕ್ಷೆಗಳು ಪ್ರಥಮ ಪಿಯುಸಿ ಪಠ್ಯವನ್ನೂ ಒಳಗೊಳ್ಳುತ್ತವೆ. ಆ ವರ್ಷವನ್ನು ವಿರಾಮವೆಂದು ಕಳೆದವರು ದ್ವಿತೀಯ ವರ್ಷದಲ್ಲಿ ಎರಡು ಹೊರೆ ಹೊರಬೇಕಾಗುತ್ತದೆ. ಸಿದ್ಧತಾ ಪರೀಕ್ಷೆಗಳಲ್ಲಿ ಕೈಬರಹ, ಸಮಯಪಾಲನೆ, ಒಎಂಆರ್ ಹಾಳೆ ತುಂಬುವ ಅಭ್ಯಾಸ ಆಗಬೇಕು.

ಚರ್ಚೆ

ಶಾಲಾ ಅಂಕಕ್ಕೆ ಎಷ್ಟು ಪಾಲು ಕೊಡಬೇಕು ಎಂಬುದಕ್ಕೆ ದಕ್ಷಿಣದ ರಾಜ್ಯಗಳ ಉತ್ತರಗಳೇ ಬೇರೆಬೇರೆ. ತಮಿಳುನಾಡು 2006ರ ಕಾಯ್ದೆಯ ಮೂಲಕ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟು ಎಂಜಿನಿಯರಿಂಗ್ ಸೀಟುಗಳನ್ನು ಹನ್ನೆರಡನೆಯ ತರಗತಿಯ ಅಂಕದಿಂದ ಹಂಚುತ್ತಿದೆ. ತೆಲಂಗಾಣ ಹಿಂದೆ ಕೊಡುತ್ತಿದ್ದ ಶೇ 25ರ ಪಾಲನ್ನು ತೆಗೆದುಹಾಕಿದೆ. ಕೇರಳದಲ್ಲಿ ಕರ್ನಾಟಕದಂತೆ ಎರಡಕ್ಕೂ ಸಮಪಾಲು. ಅಲ್ಲಿ 2025ರಲ್ಲಿ ಪ್ರವೇಶ ಪರೀಕ್ಷೆ ಮುಗಿದ ಮೇಲೆ ಅಂಕ ಹೊಂದಾಣಿಕೆಯ ಸೂತ್ರ ಬದಲಿಸಿದ್ದರಿಂದ ಹೈಕೋರ್ಟ್ ರ‍್ಯಾಂಕ್ ಪಟ್ಟಿಯನ್ನೇ ರದ್ದುಪಡಿಸಿತು.

ಪ್ರವೇಶ ಪರೀಕ್ಷೆಯೊಂದೇ ಮಾನದಂಡವಾದರೆ ಕೋಚಿಂಗ್‌ಗೆ ಹಣ ಸುರಿಯಬಲ್ಲ ಮನೆಗಳ ಕೈ ಮೇಲಾಗುತ್ತದೆ. ಪಿಯು ತರಗತಿಗಳು ಹಾಜರಾತಿಯ ಶಾಸ್ತ್ರಕ್ಕೆ ಇಳಿಯುತ್ತವೆ. ಮಂಡಳಿಯ ಅಂಕವೊಂದೇ ಆದರೆ ಉದಾರ ಮೌಲ್ಯಮಾಪನ ಮತ್ತು ಸೋರಿಕೆಗಳು ಯೋಗ್ಯರಿಗೆ ಅನ್ಯಾಯ ಮಾಡುತ್ತವೆ. ಅರ್ಧಕ್ಕರ್ಧ ಸೂತ್ರ ಇವೆರಡರ ನಡುವಿನ ನ್ಯಾಯಯುತ ದಾರಿ. ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಕೋಚಿಂಗ್ ಇಲ್ಲದೆ ಓದಿದ ಹುಡುಗಿಯ ಎರಡು ವರ್ಷದ ಶ್ರಮಕ್ಕೂ ಅದು ಬೆಲೆ ಕೊಡುತ್ತದೆ. ಆದರೆ ಆ ಬೆಲೆ ನಿಲ್ಲಬೇಕಾದರೆ ಉಪನ್ಯಾಸಕರ ಹುದ್ದೆಗಳು ತುಂಬಿರಬೇಕು, ಪ್ರಯೋಗಾಲಯಗಳು ತೆರೆದಿರಬೇಕು, ಸಿಇಟಿ ಪ್ರಶ್ನೆಗಳು ಕಲಿಸಿದ ಪಠ್ಯದೊಳಗಿನವೇ ಆಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರಥಮ ಪಿಯುಸಿಗೆ ಸೇರುವ ದಿನ ಮಕ್ಕಳಿಗೆ ಹೇಳಿದ ನಿಯಮವೇ ಸೀಟು ಹಂಚುವ ದಿನವೂ ಜಾರಿಯಲ್ಲಿರಬೇಕು.